ಒಂಬತ್ತನೆಯ ಬಗೆ

ಮೈಸೂರು ಪೇಟ ಬದರಿನಾಥನ ತಲೆಗೆ ಚಿಕ್ಕದಾಯಿತು. ಜಯದೇವಪ್ಪನವರು ಎರಡೂ ಕೈಯಿಂದ ಅದನ್ನು ಒತ್ತಿ ಕೂರಿಸುತ್ತಿದ್ದಾಗ ಒಳಗಿನ ರಟ್ಟಿನ ಅಂಚು ಹಣೆಯನ್ನು ಕೊರೆಯುತ್ತಿತ್ತು. ಆದರೂ ಅವನು ನಗುತ್ತಲೇ ಇದ್ದ, ಯಾಕೆಂದರೆ ಎದುರಿಗೆ ಇಡೀ ಆಫೀಸು ಮೊಬೈಲು ಎತ್ತಿ ಹಿಡಿದು ನಿಂತಿತ್ತು. ಜೆ.ಪಿ. ನಗರದ ಈ ಬಾಡಿಗೆ ಕಟ್ಟಡದಲ್ಲಿ, ಊಟದ ಡಬ್ಬಿಗಳ ವಾಸನೆ ಎಂದೂ ಹೋಗದ ಈ ಕೋಣೆಯಲ್ಲಿ, ಹೆರಿಗೆ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಈ ಸಣ್ಣ ಕಂಪನಿಯಲ್ಲಿ ಅವನ ತಲೆ ನೆರೆತಿತ್ತು. ಅಷ್ಟು ವರ್ಷ ಪ್ರೋಗ್ರಾಂ ಬರೆದದ್ದಕ್ಕೆ ಯಾರೂ ಶಾಲು ಹೊದಿಸಿರಲಿಲ್ಲ, ಈಗ ಅಳಿಸಿದ್ದಕ್ಕೆ ಹೊದಿಸುತ್ತಿದ್ದಾರೆ ಎಂದು ಅನಿಸಿತು. ಅನಿಸಿದ್ದು ಮುಖದ ಮೇಲೆ ಕಾಣದಿರಲಿ ಎಂದು ಇನ್ನಷ್ಟು ನಕ್ಕ. "ನಮ್ಮ ಪ್ರೋಗ್ರಾಂ ಹೆಂಗಿತ್ತು ನಿಮಗೆಲ್ಲ ಗೊತ್ತು," ಎಂದು ಜಯದೇವಪ್ಪನವರು ಮಾಲೀಕರ ಗತ್ತಿನಲ್ಲಿ ಶುರುಮಾಡಿದರು. "ವರ್ಷಕ್ಕೊಂದು ರೂಮು ಸೇರಿಸಿ ಕಟ್ಟಿದ ಮನೆ ಥರ. ಬಚ್ಚಲಿಗೆ ಹೋಗ್ಬೇಕು ಅಂದ್ರೆ ದೇವರ ಮನೆ ದಾಟ್ಕೊಂಡು ಹೋಗ್ಬೇಕು. ಬದರಿಯವರು ಗೋಡೆ ಎಲ್ಲಾ ಒಡೆದು ಒಂದೇ ಹಾಲ್ ಮಾಡಿಕೊಟ್ರು." ಎಲ್ಲರೂ ಚಪ್ಪಾಳೆ ತಟ್ಟಿದರು. ಹಣ್ಣಿನ ಬುಟ್ಟಿಯನ್ನು ಅವನ ಕೈಗೆ ಕೊಟ್ಟರು. ಬುಟ್ಟಿಗೆ ಸುತ್ತಿದ ಪ್ಲಾಸ್ಟಿಕ್ಕು ಸರಸರ ಎಂದಿತು.

ಗೋಡೆ ಒಡೆದದ್ದು ನಿಜ. ಒಂದು ಆಸ್ಪತ್ರೆಗೆ ಹೆರಿಗೆಯ ದಾಖಲಾತಿ ಬೇರೆ, ಆಪರೇಷನ್ನಿನದು ಬೇರೆ. ಇನ್ನೊಂದಕ್ಕೆ ಬೆಳಿಗ್ಗೆ ಬಂದು ಸಂಜೆ ಹೋಗುವವರದು ಬೇರೆ. ಮತ್ತೊಂದಕ್ಕೆ ಕೂಸುಗಳನ್ನು ಗಾಜಿನ ಪೆಟ್ಟಿಗೆಗೆ ಸಾಗಿಸುವುದೇ ಬೇರೆ. ಕೇಳಿದವರಿಗೆಲ್ಲ ಹಳೆಯದನ್ನೇ ನಕಲು ಮಾಡಿ, ಅಲ್ಲಲ್ಲಿ ತಿದ್ದಿ, ಹೊಸ ತುಂಡೊಂದನ್ನು ಅಂಟಿಸಿಕೊಟ್ಟಿದ್ದರು. ಒಂದು ಕಡೆ ತಪ್ಪು ಸರಿಮಾಡಿದರೆ ಎಲ್ಲ ಕಡೆಯೂ ಮಾಡಬೇಕು, ಎಲ್ಲೋ ಒಂದು ಕಡೆ ಮರೆಯುತ್ತದೆ, ಆ ಒಂದು ಕಡೆಯಿಂದಲೇ ಭಾನುವಾರ ಫೋನು ಬರುತ್ತದೆ. ಹೋದ ವರ್ಷ ಹೆಂಡತಿ ವಾರಿಜಾಳ ಥೈರಾಯ್ಡ್ ಪರೀಕ್ಷೆಗೆಂದು ಹೋಗಿ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕಾಯುತ್ತ ಕೂತಿದ್ದಾಗ, ಚೀಲ ಹಿಡಿದು ಬರುವವರನ್ನೂ ಫ್ಲಾಸ್ಕು ಹಿಡಿದು ಹೋಗುವವರನ್ನೂ ನೋಡುತ್ತ ನೋಡುತ್ತ ಅವನಿಗೆ ಹೊಳೆದಿತ್ತು: ಇದೆಲ್ಲ ಒಂದೇ. ಯಾರೋ ಬರುತ್ತಾರೆ, ಇರುತ್ತಾರೆ, ಹೋಗುತ್ತಾರೆ. ಅಷ್ಟೇ. ಎಂಥ ಸುಖ ಅದು. ಹೊರೆಯನ್ನು ತಲೆಯಿಂದ ಇಳಿಸಿ ಕತ್ತು ತಿರುಗಿಸಿದ ಹಾಗೆ. ಹೆರಿಗೆ ಕೂಡ ಅದರೊಳಗೆ ಚೆಂದವಾಗಿ ಕೂತಿತು. ಒಬ್ಬಳು ಇರುವಾಗಲೇ ಇನ್ನೊಬ್ಬರು ಬರುತ್ತಾರೆ. ಎಲ್ಲಿಂದ ಬಂದರು ಎಂಬ ಜಾಗವನ್ನು ಖಾಲಿ ಬಿಟ್ಟರಾಯಿತು. ಅದಕ್ಕೆ 'ಸ್ಟೇ' ಎಂದು ಹೆಸರಿಟ್ಟ. ಯುಗಾದಿ ಕಳೆದ ಮೇಲೆ ಎಲ್ಲ ಆಸ್ಪತ್ರೆಗಳಿಗೂ ಅದು ಹೋಯಿತು. ಭಾನುವಾರದ ಫೋನುಗಳು ನಿಂತವು.

ಗ್ರಾಹಕರ ದೂರು ಕೇಳುವ ಶ್ವೇತಾ ಗುಂಪನ್ನು ಸರಿಸಿಕೊಂಡು ಬಂದಾಗ ಅವಳೂ ಫೋಟೋಗೆ ಬಂದಳು ಎಂದುಕೊಂಡ. ಅವಳು ಫೋನನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. "ಸಾರ್, ಪೇಷೆಂಟ್ ಕಡೆಯೋರು. ಆಸ್ಪತ್ರೆಯವರು ನಮ್ಮ ನಂಬರ್ ಕೊಟ್ಬಿಟ್ಟಿದ್ದಾರೆ. ನನ್ ಕೈಲಿ ಆಗ್ತಿಲ್ಲ ಸಾರ್." ಅವನು ಬುಟ್ಟಿಯನ್ನು ಕಂಕುಳಿಗೆ ಸೇರಿಸಿಕೊಂಡು, ಪೇಟ ಅಡ್ಡ ಬಂದದ್ದರಿಂದ ಫೋನನ್ನು ಕಿವಿಯಿಂದ ದೂರ ಹಿಡಿದ. ಎಲ್ಲರಿಗೂ ಕೇಳಿಸುವಷ್ಟು ದೂರ.

"ಯಾರ್ ಮಾತಾಡ್ತಿರೋದು? ಮ್ಯಾನೇಜರಾ?"

"ಬದರಿನಾಥ ಅಂತ. ಹೇಳಿ ಸಾರ್."

"ಓದ್ತೀನಿ, ಕೇಳಿಸ್ಕೊಳ್ಳಿ. 'ಅಭಿನಂದನೆಗಳು. ನಿಮ್ಮ ಮಗುವಿಗೆ ಆರು ವಾರ ತುಂಬಿದೆ. ಲಸಿಕೆ ಹಾಕಿಸಲು ಕರೆತನ್ನಿ.' ನನ್ ಹೆಂಡ್ತಿ ಫೋನಿಗೆ ಬಂದಿದೆ. ನಮ್ ಮಗು ಹೊಟ್ಟೇಲೇ ಹೋಯ್ತು ಸಾರ್. ನಿಮ್ ಅದೇ ಆಸ್ಪತ್ರೇಲಿ. ಆರು ವಾರ ಅಂತ ಎಣಿಸ್ಕೊಂಡ್ ಕೂತಿದ್ರಾ ನೀವು?"

ಯಾರೋ ಮೊಬೈಲು ಕೆಳಗಿಳಿಸಿದರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬದರಿನಾಥ ಏನೋ ಹೇಳಿದ, ತಪ್ಪಾಯಿತು ಎಂದಿರಬೇಕು. ಆದರೆ ಅವನ ಮನಸ್ಸು ಆಗಲೇ ಬೇರೆ ಕಡೆ ಇತ್ತು. ಸಂಕ್ರಾಂತಿಯ ಸುಮಾರಿನ ಒಂದು ಮಧ್ಯಾಹ್ನ, ಹಳೆಯ ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹೊಸ ಹುಡುಗ ಶ್ರೀಕರ್ ಪರದೆಗೆ ಬೆರಳಿಟ್ಟು ಕೇಳಿದ್ದ: "ಸಾರ್, ಇದೇನಿದು? ಡಿಸ್ಚಾರ್ಜ್ ಬಗೆ ಒಂಬತ್ತಾದ್ರೆ ಮುಂದೆ ಏನೂ ಮಾಡಬೇಡ ಅಂತಿದೆ. ಯಾಕೆ ಅಂತ ಒಂದ್ ಮಾತೂ ಬರ್ದಿಲ್ಲ." ಬದರಿನಾಥನ ಬೆರಳು ಒಂದು ಗಳಿಗೆ ಕೀಲಿಮಣೆಯ ಮೇಲೆ ತಡೆದಿತ್ತು. ಈಗ ನೆನೆದರೆ ತಡೆದಿತ್ತು. "ತೆಗಿ," ಎಂದಿದ್ದ. "ಯಾರೋ ಯಾವ್ದೋ ಆಸ್ಪತ್ರೆಗೆ ಅಂತ ತುರುಕಿರ್ತಾರೆ. ಹೋಗೋದು ಅಂದ್ರೆ ಹೋಗೋದು. ಅದರಲ್ಲಿ ಒಂಬತ್ತು ಬಗೆ ಯಾಕೆ?" ಶ್ರೀಕರ್ ನಕ್ಕಿದ್ದ, ಅವನೂ ನಕ್ಕಿದ್ದ. ತುರುಕಿದವನು ತಾನೇ ಎಂದು ಆಗ ನಿಜವಾಗಿ ನೆನಪಿರಲಿಲ್ಲವೇ? ಅಥವಾ ನೆನಪು ಎದ್ದು ಬಾಗಿಲ ತನಕ ಬಂದದ್ದನ್ನು ಕಂಡೇ ಅಷ್ಟು ಬೇಗ ನಕ್ಕನೇ?

ಜಯದೇವಪ್ಪನವರು ತಾವಾಗಿಯೇ ಅವನ ತಲೆಯಿಂದ ಪೇಟ ತೆಗೆದರು. "ನೀವೇ ಮನೆಗೆ ಹೋಗಿ ಬನ್ನಿ ಬದರಿಯವರೇ. ಫೋನಲ್ಲಿ ಸರಿಹೋಗಲ್ಲ ಇದು. ಆಸ್ಪತ್ರೆ ಡಾಕ್ಟರು ಕೂಗಾಡ್ತಾರೆ, ಅವರನ್ನ ನಾನು ನೋಡ್ಕೋತೀನಿ." ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟವನನ್ನು ಮತ್ತೆ ಕೂಗಿದರು. "ಬರಿಗೈಲಿ ಹೋಗಬೇಡಿ. ಆ ಹಣ್ಣು ತಗೊಂಡ್ಹೋಗಿ." ಅವನು ತನ್ನ ಸನ್ಮಾನದ ಬುಟ್ಟಿಯನ್ನು ಎತ್ತಿಕೊಂಡ. ಬೇಡ ಎನ್ನಲು ಬೇಕಾದ ಶಕ್ತಿ ಎಲ್ಲಿಂದ ತರುವುದು ಎಂದು ತಿಳಿಯಲಿಲ್ಲ.

ಹೊಸಕೆರೆಹಳ್ಳಿಗೆ ಹೋಗುವ ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತೇ ಇತ್ತು. ಆಷಾಢದ ಗಾಳಿ ಧೂಳನ್ನೆತ್ತಿ ಒಳಗೆ ಎರಚುತ್ತಿತ್ತು. ಎಲ್ಲಿ ತಪ್ಪಾಯಿತು ಎಂಬುದು ಅವನಿಗೆ ಈಗ ಸ್ಪಷ್ಟವಾಗಿತ್ತು, ಅಷ್ಟು ಸ್ಪಷ್ಟವಾದದ್ದೇ ಬೇಸರ ತರಿಸಿತು. ದೊಡ್ಡವರು ತೀರಿಕೊಂಡರೆ ಮರಣದ ದಿನಾಂಕ ಬರೆಯುತ್ತಾರೆ, ಅದನ್ನು ಕಂಡರೆ ಪ್ರೋಗ್ರಾಮು ಸುಮ್ಮನಾಗುತ್ತದೆ. ಹುಟ್ಟುವ ಮೊದಲೇ ಹೋದದ್ದಕ್ಕೆ ಮರಣದ ದಿನಾಂಕವನ್ನು ಯಾರೂ ಬರೆಯುವುದಿಲ್ಲ. ಬಂದ ಹೊತ್ತು ಇದೆ, ಹೋದ ಹೊತ್ತು ಇದೆ, ಎರಡೂ ಒಂದೇ. ಅವನ 'ಸ್ಟೇ' ಅದನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿತು, ಹಾಸಿಗೆ ಖಾಲಿಯಾಯಿತು ಎಂದಿತು, ಮಗು ಮನೆಗೆ ಹೋಯಿತು ಎಂದುಕೊಂಡಿತು, ವಾರ ಎಣಿಸತೊಡಗಿತು. ಎಲ್ಲಾದರೂ ಒಂದು ಎಡವಟ್ಟಾಗಿದ್ದರೆ, ಕೆಂಪು ಅಕ್ಷರದಲ್ಲಿ ಏನಾದರೂ ಬಂದಿದ್ದರೆ, ಯಾರಾದರೂ ನೋಡುತ್ತಿದ್ದರು. ಅಷ್ಟು ಸಲೀಸಾಗಿ ಕೂತುಬಿಟ್ಟಿತ್ತು. ಎಷ್ಟೋ ವರ್ಷದ ಹಿಂದೆ ಅವನ ಮನೆಯಲ್ಲೂ ಒಂದು ಹಾಗೇ ಹೋಗಿತ್ತು. ಆಗ ಒಂದು ದಿನ ವಾರಿಜಾಳ ಹಳೆಯ ಗುಂಡಿ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿತ್ತು, ಅದು ಗುಂಯ್ ಎಂದು ನಡುಗಿ ತುಸುವೇ ಸರಿಯಿತು. ಅವಳು ಸ್ನಾನಕ್ಕೆ ಹೋಗಿದ್ದಳು, ಅವನು ತೆಗೆದು ನೋಡಿದ. ನಿಮ್ಮ ಮಗುವಿಗೆ ಹತ್ತು ವಾರ. ಆ ಸಂದೇಶದ ಮೇಲೆ ಅದೇ ಥರದ್ದು ಇನ್ನೊಂದು, ಆರು ವಾರದ್ದು, ಓದಿದ್ದು, ಅಳಿಸದೆ ಇಟ್ಟದ್ದು. ಅವಳು ಒಂದು ತಿಂಗಳಿಂದ ಇದನ್ನು ಒಬ್ಬಳೇ ನುಂಗಿಕೊಂಡಿದ್ದಾಳಲ್ಲ ಎಂದುಕೊಂಡು ಫೋನನ್ನು ಮೊದಲಿದ್ದ ಹಾಗೇ ಬೋರಲಾಗಿಟ್ಟ. ಕಳಿಸಿದ್ದು ತನ್ನದೇ ಕಂಪನಿಯ ಪ್ರೋಗ್ರಾಮು, ಆ ತುಂಡನ್ನು ಬರೆದವನು ತಾನೇ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ, ಡಿಸ್ಚಾರ್ಜಿನ ಎಂಟು ಬಗೆಗಳ ಕೆಳಗೆ ಒಂಬತ್ತನೆಯದನ್ನು ಸೇರಿಸಿದ, ಅದನ್ನು ಕಂಡರೆ ಸಂದೇಶ ಹೋಗದಂತೆ. ಯಾಕೆ ಎಂದು ಬರೆಯಲು ಹೋದಾಗ ಯಾವ ಪದವೂ ಸರಿಕಾಣದೆ ಹಾಗೇ ಬಿಟ್ಟ. ಸಂಜೆ ವಾರಿಜಾಗೆ ಹೇಳಿದ: ನಿಲ್ಲಿಸಿಬಿಟ್ಟೆ, ಇನ್ನು ಬರಲ್ಲ. ಅವಳು ತಲೆಯಾಡಿಸಿದ್ದಳು. ಎರಡು ವರ್ಷಕ್ಕೆ ಸಮನ್ವಿತಾ ಹುಟ್ಟಿದಳು, ನಾಮಕರಣಕ್ಕೆ ಬಂದವರೆಲ್ಲ ಎಲ್ಲ ಸರಿಹೋಯಿತು ಎಂದರು, ಅವನೂ ಹೌದೆಂದ. "ಸಾರ್, ಕೆರೆ ಹತ್ರಾನಾ, ಮುಂದಕ್ಕಾ?" ಆಟೋದವನು ಎರಡನೆಯ ಸಲ ಕೇಳುತ್ತಿದ್ದ.

ಮನೆ ಮೂರು ಅಂತಸ್ತಿನದು, ಮೇಲೆರಡರಲ್ಲಿ ಬಾಡಿಗೆಯವರ ಬಟ್ಟೆಗಳು ಒಣಗುತ್ತಿದ್ದವು. ಫೋನು ಮಾಡಿದ್ದ ಮನೋಜ್ ಗೇಟಿನಲ್ಲೇ ನಿಂತಿದ್ದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು, ಹೊಡೆಯಲು ಸಿದ್ಧವಾದವನಂತೆ ಕೈ ಬಿಗಿದಿದ್ದವನು ಎದುರಿಗೆ ನೆರೆತ ತಲೆಯ, ಕನ್ನಡಕದ, ಹಣ್ಣಿನ ಬುಟ್ಟಿ ಹಿಡಿದ ಮನುಷ್ಯನನ್ನು ಕಂಡು ಏನು ಮಾಡಬೇಕೆಂದು ತಿಳಿಯದೆ "ಒಳಗ್ ಬನ್ನಿ" ಎಂದುಬಿಟ್ಟ. ಹಾಲಿನಲ್ಲಿ ಸಾಂಬ್ರಾಣಿಯ ಹೊಗೆ ಇನ್ನೂ ಇತ್ತು. ಅವನ ಅಜ್ಜಿ ಮರಿಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು. ಬದರಿನಾಥ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಹೇಳತೊಡಗಿದ: ಕಂಪನಿಯ ಪರವಾಗಿ, ತಾಂತ್ರಿಕ ತೊಂದರೆಯಿಂದ. ತನ್ನ ದನಿ ಬ್ಯಾಂಕಿನಿಂದ ಬರುವ ಕರೆಯ ಹಾಗಿದೆ ಅನಿಸಿ ಅರ್ಧಕ್ಕೇ ನಿಲ್ಲಿಸಿದ. ಅಷ್ಟರಲ್ಲಿ ಒಳಗಿನಿಂದ ಮನೋಜನ ಹೆಂಡತಿ ಚೈತ್ರ ಬಂದಳು. ಬಾಣಂತಿಯರಿಗೆ ಕಟ್ಟುವಂತೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು, ಕಿವಿಯಲ್ಲಿ ಹತ್ತಿ. ಮಗುವಿಲ್ಲದ ಬಾಣಂತನ ಈ ಮನೆಯಲ್ಲಿ ಕ್ರಮ ತಪ್ಪದೆ ನಡೆಯುತ್ತಿತ್ತು. ಅವನು ಎದ್ದು ನಿಂತ, ಯಾಕೆ ನಿಂತೆ ಎಂದು ತನಗೇ ತಿಳಿಯದೆ ನಿಂತೇ ಇದ್ದ.

"ಇದನ್ನ ಯಾರಾದ್ರೂ ಕೂತ್ಕೊಂಡು ಕಳಿಸ್ತಾರಾ, ತಾನಾಗೇ ಬರುತ್ತಾ?" ಎಂದು ಅವಳು ಕೇಳಿದಳು.

"ತಾನಾಗೇ ಬರುತ್ತಮ್ಮ. ತಾನಾಗೇ ಬರೋ ಹಾಗೆ ಮಾಡಿದ್ದು ನಾನು."

"ಇನ್ನೂ ಬರುತ್ತಾ? ನಮ್ಮಕ್ಕನ ಮಗೂಗೆ ಹತ್ತನೇ ವಾರಕ್ಕೂ ಬಂದಿತ್ತು."

"ಇಲ್ಲ. ಬರಲ್ಲ."

"ಹಂಗಂತ ನೀವು ಹೇಳ್ತೀರ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ಹೊತ್ತು ನಿಂತು ದಣಿದವರ ದನಿ. "ರಾತ್ರಿ ಎಲ್ಲಾ ಫೋನ್ ಆಫ್ ಮಾಡಿ ಇಡ್ತೀನಿ. ಆನ್ ಮಾಡೋಕೆ ಭಯ ಆಗುತ್ತೆ. ನನ್ ಮಗಂದು ಏನೂ ಇರಬಾರದು ನಿಮ್ಮತ್ರ. ಅಳಿಸ್ಬಿಡಿ. ನಾನ್ ನೋಡ್ಬೇಕು ಅಳಿಸೋದನ್ನ."

ಮನೋಜ್ "ಚೈತ್ರ, ಬೇಡ ಕಣೇ" ಎಂದ. ಅವಳು ಅವನತ್ತ ತಿರುಗಲಿಲ್ಲ. ಬದರಿನಾಥ ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲಿಟ್ಟು, ಮೊಬೈಲಿನಿಂದ ಇಂಟರ್ನೆಟ್ ಕೊಟ್ಟು, ಕಾದ. ನಾಲ್ಕು ಜನ ಪರದೆಯ ಮೇಲೆ ಸುತ್ತುವ ಚಕ್ರವನ್ನು ನೋಡುತ್ತ ಕೂತರು. ಹೆರಿಗೆಯ ಚೀಟಿ, ಡಾಕ್ಟರು ಬರೆದದ್ದು ಆಸ್ಪತ್ರೆಯಲ್ಲೇ ಇರುತ್ತದೆ, ಅದನ್ನು ತಾನು ಮುಟ್ಟುವಂತಿಲ್ಲ; ಪ್ರೋಗ್ರಾಮು ತಾನಾಗಿ ಹುಟ್ಟಿಸಿಕೊಂಡ ಸಾಲು ಮಾತ್ರ ತನ್ನ ಕೈಯಲ್ಲಿದೆ ಎಂದು ಹೇಳಿದ. ಅವಳು ಆಗಲಿ ಎಂದಳು. ಸಾಲು ಬಂತು. ಬೇಬಿ ಆಫ್ ಚೈತ್ರ. ಬಂದದ್ದು, ಹೋದದ್ದು. ಮುಂದಿನ ಲಸಿಕೆಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು, ಐದನೆಯ ವರ್ಷದ ತನಕ. ಅವಳು ಬಗ್ಗಿ, ಬಾಯಿ ಆಡಿಸುತ್ತ, ಎಲ್ಲವನ್ನೂ ಓದಿದಳು. ಅವನು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಒತ್ತಿದ, ಖಚಿತವೇ ಎಂದು ಪ್ರೋಗ್ರಾಮು ಕೇಳಿತು, ಕೇಳುವಂತೆ ಮಾಡಿದವನೂ ತಾನೇ, ಮತ್ತೆ ಒತ್ತಿದ.

"ಆಯ್ತಾ?"

"ಆಯ್ತಮ್ಮ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಮರಿಯಮ್ಮ ಎಲೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ಗೋಡೆ ಹಿಡಿದು ಎದ್ದಳು. "ಅಳ್ಲಿ ಬಿಡಿ ಸ್ವಾಮಿ. ಇಷ್ಟ್ ದಿನ ಅತ್ತಿರ್ಲಿಲ್ಲ," ಎಂದು ಒಳಗೆ ಹೋದಳು. ಮನೋಜ್ ಗೇಟಿನ ತನಕ ಬಂದ. ಬುಟ್ಟಿಯನ್ನು ವಾಪಸು ಕೊಡುತ್ತಾನೇನೋ ಎಂದು ಬದರಿನಾಥ ಹೆದರಿದ, ಕೊಡಲಿಲ್ಲ. "ಫೋನಲ್ಲಿ ಜೋರಾಗ್ ಮಾತಾಡ್ದೆ. ವಯಸ್ಸಲ್ಲಿ ದೊಡ್ಡೋರು, ಬೇಜಾರ್ ಮಾಡ್ಕೋಬೇಡಿ ಸಾರ್." ಬೈದಿದ್ದರೆ ಒಳ್ಳೆಯದಿತ್ತು. ಬದರಿನಾಥ ಕೈ ಮುಗಿದು ನಡೆದ, ಆಟೋ ಹಿಡಿಯುವುದನ್ನೂ ಮರೆತು ಕೆರೆಯ ಪಕ್ಕದ ರಸ್ತೆಯಲ್ಲಿ ಬಹಳ ದೂರ ಹೋಗಿಬಿಟ್ಟ.

ಶ್ರೀಕರನ ಫೋನು ಬಂತು. "ಸಾರ್, ತಪ್ಪೆಲ್ಲಿದೆ ಅಂತ ಸಿಕ್ತು. ಆದ್ರೆ ಹಳೇ ಥರ ಮಧ್ಯದಲ್ಲಿ ಒಂಬತ್ತು ಅಂತ ತುರುಕೋದು ಬೇಡ ಅನ್ಸುತ್ತೆ. ಪ್ರತಿ ಮೆಸೇಜಿಗೂ ಕಳಿಸ್ಬೇಕಾ ಬೇಡ್ವಾ ಅಂತ ಒಂದು ಸಾಮಾನ್ಯ ನಿಯಮ ಮಾಡೋಣ. ಎಲ್ಲಾ ಕೇಸೂ ಅದರೊಳಗೇ ಬರುತ್ತೆ. ಸಖತ್ತಾಗಿ ಕೂರುತ್ತೆ ಸಾರ್." ಹುಡುಗನ ದನಿಯಲ್ಲಿದ್ದ ಉತ್ಸಾಹ ಅವನಿಗೆ ಗೊತ್ತಿದ್ದದ್ದೇ. ಅದು ತಪ್ಪೆಂದು ಹೇಳಲು ಮನಸ್ಸಾಗಲಿಲ್ಲ, ಅದು ತಪ್ಪೂ ಆಗಿರಲಿಲ್ಲ. "ನಾಳೆ ನೋಡೋಣ ಮಾರಾಯ. ಇವತ್ತಿಗೆ ಹಳೇದನ್ನೇ ಹಾಕು."

"ಅದು ಚೆನ್ನಾಗಿ ಕಾಣಲ್ಲ ಸಾರ್."

"ಕಾಣದೇ ಇರ್ಲಿ. ಯಾಕೆ ಹಾಕಿದೀವಿ ಅಂತ ಮಾತ್ರ ಪಕ್ಕದಲ್ಲಿ ಬರಿ. ಬಿಡಿಸಿ ಬರಿ."

"ಏನಂತ ಬರೀಲಿ ಸಾರ್?"

ಅವನಿಗೆ ಈಗಲೂ ಪದ ಸಿಗಲಿಲ್ಲ. "ಆದದ್ದನ್ನ ಬರಿ," ಎಂದ.

ಜಯನಗರದ ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ಸಮನ್ವಿತಾ ಟ್ಯೂಷನ್ನಿಗೆ ಹೋಗಿದ್ದಳು. ವಾರಿಜಾ ಊಟದ ಮೇಜಿನ ಮೇಲೆ ಪೇಪರು ಹಾಸಿ ದಂಟಿನ ಸೊಪ್ಪು ಬಿಡಿಸುತ್ತಿದ್ದಳು. "ಏನು ಇಷ್ಟು ಬೇಗ? ಸನ್ಮಾನ ಚೆನ್ನಾಗಾಯ್ತಾ?" ಅವನು ಕುರ್ಚಿ ಎಳೆದು ಕೂತ. ಹೇಳುವುದು ಬೇಡ ಎಂದು ದಾರಿಯಲ್ಲಿ ನಿರ್ಧರಿಸಿದ್ದ. ಅಷ್ಟು ವರ್ಷದ ಹಿಂದಿನದನ್ನು ಕೆದಕುವುದು ಯಾಕೆ, ಅವಳು ಮರೆತಿರುತ್ತಾಳೆ. ಆದರೆ ಕೂತ ಕೂಡಲೇ ಎಲ್ಲವನ್ನೂ ಹೇಳಿದ. ಹೊಸಕೆರೆಹಳ್ಳಿಯ ಹುಡುಗಿ, ತಲೆಗೆ ಕಟ್ಟಿದ ಬಟ್ಟೆ, ಪರದೆಯ ಮೇಲೆ ಸಾಲು ಅಳಿಸಿದ್ದು, ಒಳಗಿನ ಅಳು. ಅವಳ ಬೆರಳುಗಳು ನಿಂತವು, ಮತ್ತೆ ಸೊಪ್ಪಿಗೆ ಹೋದವು. ಕೊನೆಗೆ ಅವನು ಹೇಳಿದ: "ಆ ಸಾಲು ನಿನಗೋಸ್ಕರ ಬರೆದದ್ದು ವಾರಿಜಾ. ನಾನೇ ಕಿತ್ತುಹಾಕಿದೆ. ಗುರುತೇ ಸಿಗಲಿಲ್ಲ ನನಗೆ."

"ನನಗೋಸ್ಕರ," ಎಂದಳು ಅವಳು. ಒಂದು ದಂಟನ್ನು ಮುರಿದು ನಾರು ಎಳೆದಳು. "ರೀ, ಒಂದು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ."

"ಹೇಳು."

"ಆ ಮೆಸೇಜು ನನಗೆ ಬೇಕಿತ್ತು."

ಅವನಿಗೆ ಅರ್ಥವಾಗಲಿಲ್ಲ. ಅವಳು ತಲೆಯೆತ್ತದೆ ಮಾತಾಡಿದಳು, ಸೊಪ್ಪಿಗೆ ಹೇಳುತ್ತಿರುವ ಹಾಗೆ. "ಎರಡು ಬಂದಿತ್ತು. ಅದರಲ್ಲಿ 'ನಿಮ್ಮ ಮಗು' ಅಂತಿತ್ತು. ಮನೇಲಿ ಯಾರೂ ಹಾಗೆ ಅನ್ನಲಿಲ್ಲ. ನಿಮ್ಮಮ್ಮ 'ಅದು' ಅಂತಿದ್ರು. ನಮ್ಮಮ್ಮಾನೂ. ನೀವೂ. ಆ ಮೆಸೇಜು ಒಂದೇ ಹಾಗಂದಿದ್ದು. ಹದಿನಾಲ್ಕನೇ ವಾರದ್ದಕ್ಕೆ ಕಾಯ್ತಾ ಇದ್ದೆ. ನೀವು ಬಂದು ನಿಲ್ಲಿಸಿಬಿಟ್ಟೆ ಅಂದ್ರಿ."

"ಆಗಲೇ ಹೇಳಬಾರದಾಗಿತ್ತಾ?"

"ನಿಮ್ಮ ಮುಖ ಎಷ್ಟು ಹಗುರಾಗಿತ್ತು ಆವತ್ತು. ಅಷ್ಟು ದಿನದ ಮೇಲೆ. ಹೇಗೆ ಹೇಳ್ಲಿ?"

ಅವನು ಅವಳ ಕೈಗಳನ್ನು ನೋಡುತ್ತ ಕೂತ. ಚೈತ್ರಳಿಗೆ ಮಾತು ಕೊಟ್ಟು ಬಂದದ್ದು ಸರಿ. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ, ಆ ಹುಡುಗಿ ಇವತ್ತು ರಾತ್ರಿ ಫೋನು ಆನ್ ಮಾಡಿಟ್ಟು ಮಲಗಿಯಾಳು. ಇಲ್ಲಿ ಇವಳು ಹದಿನಾಲ್ಕನೆಯ ವಾರಕ್ಕೆ ಕಾದಿದ್ದಳು. ಎರಡಕ್ಕೂ ಹೊಂದುವ ಒಂದನ್ನು ಮನಸ್ಸು ಅಭ್ಯಾಸಬಲದಿಂದ ಹುಡುಕತೊಡಗಿತು, ಹುಡುಕುತ್ತಿರುವುದು ತಿಳಿದು ನಾಚಿಕೆಯಾಯಿತು, ನಿಂತಿತು. ಆಸ್ಪತ್ರೆಯ ಆ ದಿನ ಅವನು ಕೆಳಗೆ, ಔಷಧಿ ಅಂಗಡಿಯ ಮುಂದೆ ನಿಂತಿದ್ದ. ಅಣ್ಣ ಬಂದು, ನೀನು ಮೇಲೆ ಬರಬೇಡ, ನೋಡಿದರೆ ಕಣ್ಣಿಗೆ ಕಟ್ಟುತ್ತದೆ, ಇಲ್ಲಿ ಸಹಿ ಹಾಕು, ನಾವು ಕರಕೊಂಡು ಹೋಗಿ ಮುಗಿಸಿ ಬರುತ್ತೇವೆ ಎಂದ. ಅವನು ಓದದೆ ಸಹಿ ಹಾಕಿದ. ಸಂಜೆ ಅವರು ಸ್ನಾನ ಮಾಡಿ ಒದ್ದೆ ತಲೆಯಲ್ಲಿ ವಾಪಸು ಬಂದರು. ಅವನು ಏನನ್ನೂ ಕೇಳಲಿಲ್ಲ, ಆವತ್ತೂ, ಆಮೇಲೂ; ಕೇಳದಿದ್ದರೆ ಬೇಗ ಮಾಯುತ್ತದೆ ಎಂದು ಎಲ್ಲರೂ ಹೇಳಿದ್ದರು, ಅವನಿಗೂ ಹಾಗೇ ಬೇಕಿತ್ತು.

"ವಾರಿಜಾ," ಎಂದ. "ಗಂಡಾ, ಹೆಣ್ಣಾ?"

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಇಷ್ಟು ವರ್ಷ ಇವರಿಗೆ ಗೊತ್ತೇ ಇರಲಿಲ್ಲ ಎಂಬುದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸೊಪ್ಪಿನ ಮಣ್ಣಾಗಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಹೆಣ್ಣು," ಎಂದಳು. "ತಲೆ ತುಂಬಾ ಕೂದಲಿತ್ತು."